150 ಗಂಟೆ ತುಂಬಿದೆ, ಅದರಲ್ಲಿ ಔಷಧಿ ಬಗ್ಗೆ ಓದಿದ್ದು ಎಷ್ಟು?

ಶಾರದಾ_ಐಸಿಯು (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಖಾಸಗಿ ಆಸ್ಪತ್ರೆಯ ಐಸಿಯುನಲ್ಲಿ ಕೆಲಸ ಮಾಡ್ತೀನಿ. ನರ್ಸಿಂಗ್‌ಗೆ ಬಂದು ಹದಿನಾಲ್ಕು ವರ್ಷ ಆಯ್ತು, ಎನ್‌ಪಿಸಿಸಿ ಅಂದ್ರೆ ಕ್ರಿಟಿಕಲ್ ಕೇರ್ ನರ್ಸ್ ಪ್ರಾಕ್ಟೀಷನರ್ ರೆಸಿಡೆನ್ಸಿಯೂ ಮುಗಿಸಿದ್ದೀನಿ. ರಿಜಿಸ್ಟ್ರೇಷನ್ ರಿನ್ಯೂವಲ್ ಹತ್ತಿರ ಬಂತು. ಐದು ವರ್ಷಕ್ಕೆ 150 ಗಂಟೆ ಸಿಎನ್‌ಇ, ಅಂದ್ರೆ ಕೆಲಸದಲ್ಲಿದ್ದುಕೊಂಡೇ ಮುಂದುವರಿಸೋ ನರ್ಸಿಂಗ್ ಓದು, ತೋರಿಸಬೇಕಲ್ಲ, ಹೋದ ಭಾನುವಾರ ಸರ್ಟಿಫಿಕೇಟುಗಳನ್ನೆಲ್ಲ ಮಂಚದ ಮೇಲೆ ಹರಡಿಕೊಂಡು ಲೆಕ್ಕ ಹಾಕಿದೆ. ಗಂಟೆಗೇನೂ ಕಮ್ಮಿ ಇಲ್ಲ. ಕೈ ತೊಳೆಯೋದು, ಬೆಂಕಿ ಸುರಕ್ಷತೆ, ಆಸ್ಪತ್ರೆ ಕಸ ಬೇರ್ಪಡಿಸೋದು, ರೋಗಿ ಕಡೆಯವರ ಹತ್ತಿರ ಮಾತಾಡೋ ರೀತಿ ಎಲ್ಲ ಇದೆ. ಔಷಧಿ ಅಂತ ಪಕ್ಕಕ್ಕೆ ಎತ್ತಿಟ್ಟಿದ್ದು ಮಾತ್ರ ಏಳು ಗಂಟೆ. ಅದರಲ್ಲೂ ಮೂರು ಗಂಟೆ ಕಂಪನಿಯವರು ಊಟ ಹಾಕಿಸಿ ತಮ್ಮ ಹೊಸ ಆಂಟಿಬಯಾಟಿಕ್ ಬಗ್ಗೆ ಹೇಳಿದ್ದು.

ಇದನ್ನ ಬರೀತಿರೋದಕ್ಕೆ ಕಾರಣ ಒಬ್ಬ ಅಮ್ಮ. ವಯಸ್ಸು 58, ಸಕ್ಕರೆ ಕಾಯಿಲೆ, ಪಿತ್ತಕೋಶದ ಆಪರೇಷನ್ ಆಗಿ ನಮ್ಮ ಹತ್ತಿರ ಬಂದಿದ್ರು. ಮಾರನೇ ದಿನ ಬೆಳಗ್ಗೆ ವಾಕರಿಕೆ, ಉಸಿರಾಟ ಜೋರು. ಶುಗರ್ 172. ಪಾಳಿ ಬದಲಾಗೋ ಹ್ಯಾಂಡೋವರ್‌ನಲ್ಲಿ ‘ನೋವಿಗೆ ಹೀಗೆ ಮಾಡ್ತಿದ್ದಾರೆ’ ಅಂದ್ರು, ನಾನೂ ಹಾಗೇ ಅಂದುಕೊಂಡೆ. ಎಬಿಜಿ, ಅಂದ್ರೆ ರಕ್ತದ ಆಮ್ಲ ಮತ್ತು ಗಾಳಿ ಅಂಶ ನೋಡೋ ಪರೀಕ್ಷೆ, ಮಾಡಿದ್ರೆ ಪಿಎಚ್ 7.18, ರಕ್ತ ತುಂಬಾ ಆಮ್ಲ ಆಗಿತ್ತು. ನನ್ನ ತಲೆಗೆ ಹೋಗಿದ್ದು ಸೆಪ್ಸಿಸ್, ಮೈಗೆಲ್ಲ ಏರಿದ ಸೋಂಕು. ಅನಸ್ತೇಷಿಯಾ ಮೇಡಂ ಬಂದು ಒಂದೇ ಪ್ರಶ್ನೆ ಕೇಳಿದ್ರು: ‘ಯಾವ ಶುಗರ್ ಮಾತ್ರೆ ತಗೋತಿದ್ರು?’

ಡಾಪಾಗ್ಲಿಫ್ಲೋಜಿನ್. ಆಪರೇಷನ್ ದಿನ ಬೆಳಗ್ಗೆ ಬಿಪಿ ಮಾತ್ರೆ ಜೊತೆ ಅದನ್ನೂ ಒಂದು ಗುಟುಕು ನೀರಲ್ಲಿ ನುಂಗಿಸಿದ್ರು. ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ತುಂಬಿತ್ತು. ಶುಗರ್ ಏರದೇನೇ ಆಗೋ ಕೀಟೋಆಸಿಡೋಸಿಸ್ ಅದು. ಡೆಕ್ಸ್‌ಟ್ರೋಸ್ ಜೊತೆ ಇನ್ಸುಲಿನ್ ಡ್ರಿಪ್ ಹಾಕಿದ್ವಿ, ಮೂರನೇ ದಿನ ಆ ಅಮ್ಮ ಕಾಫಿ ಕೇಳಿದ್ರು.

ಆ ಮಾತ್ರೆಯ ಹೆಸರು ಹಿಂದಿನ ಸಂಜೆಯೇ ನನ್ನ ಕೈಯಲ್ಲಿದ್ದ ಚಾರ್ಟ್‌ನಲ್ಲಿತ್ತು. ಓದಿದ್ದೆ. ಓದಿದ್ರೂ ಅದು ನನಗೇನೂ ಹೇಳಲಿಲ್ಲ. ಆಪರೇಷನ್‌ಗೆ ಕನಿಷ್ಠ ಮೂರು ದಿನ ಮುಂಚೆ ಇದನ್ನ ನಿಲ್ಲಿಸಬೇಕು ಅಂತ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲೇ ಔಷಧಿ ಜೊತೆ ಬರೋ ಮಾಹಿತಿ, ಅಂದ್ರೆ ಲೇಬಲ್, ಬದಲಾಯಿಸಿದೆ. ನಮ್ಮ ದೇಶದಲ್ಲಿ ಅದೇ ವರ್ಷ ಅಕ್ಟೋಬರ್‌ನಲ್ಲಿ ಮೊದಲ ಪೇಟೆಂಟ್ ಮುಗಿದು, ಹತ್ತಾರು ಕಂಪನಿಗಳ ಮಾತ್ರೆ ಕಡಿಮೆ ಬೆಲೆಗೆ ಬಂತು. ಈಗ ಎರಡು ಬೆಡ್‌ಗೊಬ್ಬರು ಇದನ್ನ ತಗೊಳ್ಳೋರೇ. ಔಷಧಿ ಊರೆಲ್ಲ ಹರಡಿತು, ಅದರ ಬಗ್ಗೆ ತಿಳಿದಿದ್ದು ನನ್ನ ತನಕ ಬರಲಿಲ್ಲ.

ನನ್ನ ಪ್ರಶ್ನೆ ಇಷ್ಟೇ. ಕೆಲಸದಲ್ಲಿದ್ದುಕೊಂಡು ಫಾರ್ಮಕಾಲಜಿ, ಅಂದ್ರೆ ಔಷಧಿಗಳ ಓದು, ನೀವೆಲ್ಲ ಹೇಗೆ ಮುಂದುವರಿಸ್ತಿದ್ದೀರ?

ಬಸವನಗುಡಿ_ಹುಡುಗಿ

ಶಾರದಕ್ಕ, ಓದಿ ಹೊಟ್ಟೆ ಚುರ್ರ್ ಅಂತು. ನಾನು ಬೆಂಗಳೂರಲ್ಲೇ ಬಿಎಸ್ಸಿ ನರ್ಸಿಂಗ್ ಮಾಡಿ ಈಗ ಅಮೆರಿಕದಲ್ಲಿ ಫ್ಯಾಮಿಲಿ ನರ್ಸ್ ಪ್ರಾಕ್ಟೀಷನರ್ ಆಗಿದ್ದೀನಿ. ಇಲ್ಲಿ ಔಷಧಿ ಬರೆಯೋದು ನಮ್ಮ ಕೆಲಸವೇ, ಎಷ್ಟು ಸ್ವತಂತ್ರವಾಗಿ ಬರೀಬಹುದು ಅನ್ನೋದು ಮಾತ್ರ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಅದಕ್ಕೇ ಫಾರ್ಮಕಾಲಜಿ ಗಂಟೆಗಳನ್ನ ಬೇರೆಯಾಗೇ ಲೆಕ್ಕ ಕೇಳ್ತಾರೆ. ಎಎನ್‌ಸಿಸಿ ಅನ್ನೋ ಸಂಸ್ಥೆಯ ಸರ್ಟಿಫಿಕೇಟ್ ಇದ್ರೆ ಐದು ವರ್ಷಕ್ಕೆ 75 ಗಂಟೆ, ಅದರಲ್ಲಿ 25 ಫಾರ್ಮಕಾಲಜಿ. ಎಎಎನ್‌ಪಿಸಿಬಿ ಅನ್ನೋ ಇನ್ನೊಂದು ಸಂಸ್ಥೆಯದ್ದಾದ್ರೆ 100 ಗಂಟೆ, ಅಲ್ಲೂ 25 ಫಾರ್ಮಕಾಲಜಿನೇ. ಒಂದು ಕ್ಲಾಸಿಗೆ ಹೋದ್ರೆ ಸರ್ಟಿಫಿಕೇಟ್‌ನಲ್ಲೇ ‘ಒಟ್ಟು 2 ಗಂಟೆ, ಇದರಲ್ಲಿ ಫಾರ್ಮಕಾಲಜಿ 1.25’ ಅಂತ ಬಿಡಿಸಿ ಬರೆದಿರ್ತಾರೆ. 2023ರ ಜೂನ್‌ನಿಂದ ಇನ್ನೊಂದು ಸೇರಿದೆ: ನಿಯಂತ್ರಿತ ಔಷಧಿ ಬರೆಯೋ ಡಿಇಎ ಅನ್ನೋ ಸರ್ಕಾರಿ ಸಂಸ್ಥೆಯ ನೋಂದಣಿ ಬೇಕು ಅಂದ್ರೆ, ಚಟದ ಕಾಯಿಲೆಗಳ ಬಗ್ಗೆ 8 ಗಂಟೆ ತರಬೇತಿ ಒಂದು ಸಲ ಆಗಿರಬೇಕು.

ಆದ್ರೆ ಅಕ್ಕ, ನಿಮಗೆ ನಿಜ ಹೇಳ್ತೀನಿ. ಮೊದಲ ಸಲದ 25 ಗಂಟೆನ ನಾನು ಕೊನೇ ಎರಡು ತಿಂಗಳಲ್ಲಿ, ರಾತ್ರಿ ಮಗು ಮಲಗಿದ ಮೇಲೆ, ವಿಡಿಯೋ ಹಾಕಿಕೊಂಡು ಮುಗಿಸಿದ್ದು. ಕೊನೆಗೆ ಹತ್ತು ಪ್ರಶ್ನೆ, ಏಳು ಸರಿಯಾದ್ರೆ ಪಾಸು. ಮುಂದಿನ ವಾರ ಅದರಲ್ಲಿ ಏನಿತ್ತು ಅಂತ ನೆನಪಿರಲಿಲ್ಲ. ನನ್ನ ಹತ್ತಿರ ಬರೋ ರೋಗಿಗಳಿಗೆ ಸಂಬಂಧವೇ ಇಲ್ಲದ ಔಷಧಿಗಳ ಕ್ಲಾಸ್ ಆರಿಸಿಕೊಂಡಿದ್ದೆ, ಸುಲಭ ಅಂತ. ಎರಡನೇ ಸುತ್ತಲ್ಲಿ ಹಾಗೆ ಮಾಡಲಿಲ್ಲ. ನಾನು ಅತಿ ಹೆಚ್ಚು ಬರೆಯೋ ಇಪ್ಪತ್ತು ಔಷಧಿಗಳ ಪಟ್ಟಿ ತೆಗೆದು ಅದರ ಮೇಲೇ 25 ಗಂಟೆ ಸುರಿದೆ. ‘ಗೊತ್ತಿದೆ’ ಅಂದುಕೊಂಡಿದ್ದರಲ್ಲೇ ತಪ್ಪು ಹೆಚ್ಚು ಸಿಕ್ತು.

ರಾಜಾಜಿನಗರ_ಫಿಜಿಷಿಯನ್

ಚರ್ಚೆ ಚೆನ್ನಾಗಿದೆ, ಆದರೆ ಒಂದು ಮಾತು ಸ್ಪಷ್ಟ ಇರಲಿ. ಭಾರತದಲ್ಲಿ ನರ್ಸ್ ಪ್ರಾಕ್ಟೀಷನರ್‌ಗೆ ಸ್ವತಂತ್ರವಾಗಿ ಔಷಧಿ ಬರೆಯುವ ಅಧಿಕಾರ ಇಲ್ಲ. ಅಮೆರಿಕದ ಗಂಟೆ ಲೆಕ್ಕ ಇಲ್ಲಿಗೆ ತಂದರೆ ನಾಳೆ ಯಾರೋ ಅದನ್ನೇ ಬೋರ್ಡ್ ಮಾಡಿ ಕ್ಲಿನಿಕ್ ತೆರೆಯುತ್ತಾರೆ. ನಮ್ಮ ಏರಿಯಾದಲ್ಲೇ ಮೆಡಿಕಲ್ ಶಾಪಿನವರು ಸ್ಟಿರಾಯ್ಡ್ ಕೊಟ್ಟು ಹಾಳು ಮಾಡಿದ ರೋಗಿಗಳನ್ನು ನಾನು ದಿನವೂ ನೋಡುತ್ತೇನೆ. ಇನ್ನೊಂದು ವರ್ಗದ ಕೈಗೆ ಪೆನ್ನು ಕೊಡುವ ಮೊದಲು ಯೋಚಿಸಬೇಕು.

ಶಾರದಾ_ಐಸಿಯು

ಸರ್, ನಿಮ್ಮ ಆತಂಕ ನನಗೂ ಇದೆ. ಪೆನ್ನು ನಾನು ಕೇಳ್ತಿಲ್ಲ. ಆದ್ರೆ ಒಂದು ರಾತ್ರಿ ನಮ್ಮ ಐಸಿಯುನಲ್ಲಿ ನಿಂತು ನೋಡಿ. ‘ಎಂಎಪಿ 65 ಇರೋ ಹಾಗೆ ನಾರ್‌ಅಡ್ರಿನಲಿನ್ ಹೊಂದಿಸಿ’, ಅಂದ್ರೆ ಸರಾಸರಿ ಬಿಪಿ 65 ಇರೋ ಹಾಗೆ ಬಿಪಿ ಏರಿಸೋ ಔಷಧಿ ಹೊಂದಿಸಿ, ಅನ್ನೋ ಆರ್ಡರ್ ನಿಮ್ಮದು. ರಾತ್ರಿ ಮೂರು ಗಂಟೆಗೆ ಪಂಪ್ ಏರಿಸೋದೋ ಇಳಿಸೋದೋ, ಬಿಪಿ ಬಿದ್ದಿದ್ದು ಔಷಧಿ ಸಾಲದೆಯೋ ಅಥವಾ ಲೈನ್ ಮಡಚಿಕೊಂಡೋ, ಅದನ್ನ ತೀರ್ಮಾನ ಮಾಡೋದು ನನ್ನ ಕೈ. ಪೊಟ್ಯಾಸಿಯಂ ಪ್ರೋಟೋಕಾಲ್ ನಿಮ್ಮ ಸಹಿ ಇರೋದು, ಮೂತ್ರ ಕಮ್ಮಿ ಆಗಿದೆ ಈಗ ಬೇಡ ಅಂತ ತಡೆದು ನಿಮಗೆ ಫೋನ್ ಮಾಡೋದು ನಾನು. ಬರೆಯೋ ಅಧಿಕಾರ ಇಲ್ಲ ಅಂದಮಾತ್ರಕ್ಕೆ ತೀರ್ಮಾನದ ಭಾರ ಇಲ್ಲ ಅಂತಲ್ಲ ಸರ್. ರೋಗಿಗೆ ಔಷಧಿ ತಲುಪೋ ದಾರಿಯಲ್ಲಿ ಕೊನೇ ಕೈ ನಮ್ಮದು.

ಫಾರ್ಮಕಾಲಜಿ_ಮೇಷ್ಟ್ರು

ಡಾಕ್ಟರ್ ಹೇಳಿದ್ದು ಕಾನೂನಿನ ಮಟ್ಟಿಗೆ ಸರಿ. ಎನ್‌ಪಿಸಿಸಿಯವರು ಆಸ್ಪತ್ರೆಯ ಪ್ರೋಟೋಕಾಲ್ ಮತ್ತು ಸ್ಟ್ಯಾಂಡಿಂಗ್ ಆರ್ಡರ್ (ಮೊದಲೇ ಬರೆದಿಟ್ಟ ಆದೇಶ) ಒಳಗೆ ಕೆಲಸ ಮಾಡಬೇಕು. ಆದರೆ ಚಿತ್ರ ನಿಂತ ನೀರಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯಿದೆಯ 32ನೇ ಸೆಕ್ಷನ್‌ನಲ್ಲಿ ಸಮುದಾಯ ಆರೋಗ್ಯ ಸೇವಾದಾರರಿಗೆ ಸೀಮಿತ ಲೈಸೆನ್ಸ್‌ನ ಮಾತಿದೆ: ಪ್ರಾಥಮಿಕ ಹಾಗೂ ರೋಗ ತಡೆಯ ಆರೈಕೆಯಲ್ಲಿ ಮಾತ್ರ, ನಿಗದಿಪಡಿಸಿದ ಔಷಧಿ ಮಾತ್ರ. 1947ರ ನರ್ಸಿಂಗ್ ಕೌನ್ಸಿಲ್ ಕಾಯಿದೆಯ ಜಾಗಕ್ಕೆ 2023ರಲ್ಲಿ ನರ್ಸಿಂಗ್ ಮತ್ತು ಸೂಲಗಿತ್ತಿ ಆಯೋಗದ ಕಾಯಿದೆ ಬಂದಿದೆ. ಅಧಿಕಾರ ಮೊದಲು ಬಂದು ಓದು ಆಮೇಲೆ ಬಂದರೆ ಅನಾಹುತ. ಓದು ಮೊದಲೇ ಆಗಿರಲಿ ಎಂಬುದೇ ನನ್ನ ವಾದ.

ನಾನು ಇಪ್ಪತ್ತು ವರ್ಷದಿಂದ ನರ್ಸಿಂಗ್ ಮಕ್ಕಳಿಗೆ ಪಾಠ ಮಾಡುತ್ತಿದ್ದೇನೆ. ನಮ್ಮ ಪಾಠದ ಒಂದು ದೋಷವನ್ನು ಒಪ್ಪಿಕೊಳ್ಳುತ್ತೇನೆ. ಔಷಧಿಯನ್ನು ಒಂದೊಂದಾಗಿ ಕಲಿಸುತ್ತೇವೆ: ವರ್ಗ, ಕೆಲಸ, ಡೋಸ್, ಅಡ್ಡ ಪರಿಣಾಮ. ರೋಗಿ ಬರುವುದು ಎಂಟು ಮಾತ್ರೆ ಇಟ್ಟುಕೊಂಡು. ಇನ್ನೊಂದು, ಔಷಧಿ ಹಳೆಯದಾದರೂ ಅದರ ನಿಯಮ ಬದಲಾಗುತ್ತದೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆಯ ಉದಾಹರಣೆ ನೋಡಿ. ನಾವು ಕಲಿತಿದ್ದು ಕಿಡ್ನಿ ಪರೀಕ್ಷೆಯ ಕ್ರಿಯಾಟಿನಿನ್ ಗಂಡಸರಿಗೆ 1.5, ಹೆಂಗಸರಿಗೆ 1.4 ದಾಟಿದರೆ ಕೊಡಬಾರದು ಎಂದು. 2016ರಲ್ಲಿ ಎಫ್‌ಡಿಎ ಅದನ್ನು ಬಿಟ್ಟು ಇಜಿಎಫ್‌ಆರ್, ಅಂದರೆ ಕಿಡ್ನಿ ಎಷ್ಟು ಸೋಸುತ್ತಿದೆ ಎಂಬ ಅಂದಾಜಿನ, ಲೆಕ್ಕಕ್ಕೆ ಬಂತು: 30ಕ್ಕಿಂತ ಕೆಳಗಿದ್ದರೆ ಬೇಡ, 30ರಿಂದ 45ರ ನಡುವೆ ಹೊಸದಾಗಿ ಶುರು ಮಾಡುವುದು ಬೇಡ. ಹಳೆಯ ಟಿಪ್ಪಣಿ ನೋಡಿಕೊಂಡೇ ಇರುವವರು ಕೊಡಬಹುದಾದವರಿಗೆ ತಡೆಯುತ್ತಾರೆ, ಕೊಡಬಾರದವರಿಗೆ ಕೊಡುತ್ತಾರೆ. ಸಣ್ಣ ಮೈಕಟ್ಟಿನ ಎಂಬತ್ತರ ಅಜ್ಜಿಗೆ ಕ್ರಿಯಾಟಿನಿನ್ 1.3 ನೋಡಲು ಸಾಧು ಸಂಖ್ಯೆ, ಆದರೆ ಕಿಡ್ನಿ ಅರ್ಧ ಕೆಲಸವನ್ನೂ ಮಾಡುತ್ತಿರುವುದಿಲ್ಲ.

ಸಿಎಚ್‌ಒ_ದೊಡ್ಡಬಳ್ಳಾಪುರ

ನಾನು ಸಬ್ ಸೆಂಟರ್‌ನಲ್ಲಿ ಸಿಎಚ್‌ಒ, ಅಂದ್ರೆ ಸಮುದಾಯ ಆರೋಗ್ಯ ಅಧಿಕಾರಿ. ಐಸಿಯು ಮಾತು ನನಗೆ ದೂರ, ಆದ್ರೂ ಬರೀತೀನಿ. ನಮ್ಮ ಕೇಂದ್ರಕ್ಕೆ ಅಂತ ಇರೋ ಪಟ್ಟಿಯಲ್ಲಿ 105 ಔಷಧಿ. ಬಿಪಿ, ಶುಗರ್ ಮಾತ್ರೆ ಪಿಎಚ್‌ಸಿ ಡಾಕ್ಟರ್ ಬರೆದಿದ್ದನ್ನ ತಿಂಗಳು ತಿಂಗಳು ನಾನು ಕೊಡೋದು. ಡಾಕ್ಟರು ಆ ರೋಗೀನ ನೋಡಿ ಆರು ತಿಂಗಳು ಆಗಿರುತ್ತೆ, ನಾನು ಪ್ರತಿ ತಿಂಗಳು ನೋಡ್ತೀನಿ.

ಇನ್ಸುಲಿನ್ ವಿಷಯ ಹೇಳಲೇಬೇಕು. ಬಾಟಲಿ ಇನ್ಸುಲಿನ್ ನಮ್ಮಲ್ಲಿ ಒಂದು ಎಂಎಲ್‌ಗೆ 40 ಯೂನಿಟ್. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜೇ ಬೇಕು. ಒಬ್ಬರು ಅಜ್ಜ ಅಂಗಡಿಯಲ್ಲಿ ಸಿಕ್ಕಿದ್ದು ಅಂತ ಕಿತ್ತಳೆ ಮುಚ್ಚಳದ್ದು, 100ರ ಸಿರಿಂಜ್ ತಂದಿದ್ರು. ಅದರಲ್ಲಿ 20ರ ಗೆರೆ ತನಕ ಎಳೆದ್ರೆ ಮೈಗೆ ಹೋಗೋದು ಬರೀ 8 ಯೂನಿಟ್. ಎರಡು ತಿಂಗಳು ಶುಗರ್ ಇಳೀತಿಲ್ಲ ಇಳೀತಿಲ್ಲ ಅಂತ ಡೋಸ್ ಏರಿಸ್ತಾ ಹೋದ್ವಿ. ಆಮೇಲೆ ಒಂದಿನ ‘ಅಜ್ಜ, ನೀವು ಹೇಗೆ ಎಳೀತೀರ ನನ್ನ ಮುಂದೇನೇ ತೋರಿಸಿ’ ಅಂದೆ. ಗೊತ್ತಾಯ್ತು. ಅಷ್ಟೊತ್ತಿಗೆ ಡೋಸ್ ಎಷ್ಟು ಏರಿತ್ತು ಅಂದ್ರೆ, ಸರಿಯಾದ ಸಿರಿಂಜ್ ಕೊಟ್ಟು ಹಾಗೇ ಕಳಿಸಿದ್ರೆ ಅವತ್ತೇ ಶುಗರ್ ಬಿದ್ದು ಅಜ್ಜ ಉಳೀತಿರಲಿಲ್ಲ. ಡಾಕ್ಟರಿಗೆ ಫೋನ್ ಮಾಡಿ ಮೊದಲು ಡೋಸ್ ಇಳಿಸಿ, ಆಮೇಲೆ ಸಿರಿಂಜ್ ಬದಲಾಯಿಸಿದ್ವಿ. ಇದು ಯಾವ ತರಬೇತಿಯಲ್ಲೂ ನನಗೆ ಯಾರೂ ಹೇಳಿರಲಿಲ್ಲ.

ಬಸವನಗುಡಿ_ಹುಡುಗಿ

ಇದು ಫಾರ್ಮಕಾಲಜಿ ಪಾಠ ಅಂದ್ರೆ. ಇದಕ್ಕೆ ನಾನು ನಿಮಗೆ ಗಂಟೆ ಕೊಡ್ತಿದ್ದೆ ಸಿಸ್ಟರ್.

ಹೆರಿಗೆ_ವಾರ್ಡ್_ಲತಾ

ನಾನು ಹದಿನೆಂಟು ತಿಂಗಳ ಮಿಡ್‌ವೈಫರಿ ನರ್ಸ್ ಪ್ರಾಕ್ಟೀಷನರ್ ಕೋರ್ಸ್‌ನಲ್ಲಿದ್ದೀನಿ. ನಮ್ಮ ಔಷಧಿ ನಾಲ್ಕೈದೇ, ಆದ್ರೆ ನಿಮಿಷದ ಲೆಕ್ಕ. ಹೆರಿಗೆ ಆದ ಮೇಲೆ ರಕ್ತ ಹೋಗ್ತಿದ್ರೆ, ಅದನ್ನ ತಡೆಯೋ ಟ್ರಾನೆಕ್ಸಾಮಿಕ್ ಆಸಿಡ್ 1 ಗ್ರಾಂ, ಮೂರು ಗಂಟೆಯ ಒಳಗೆ. ಮೂರು ಗಂಟೆ ದಾಟಿದ ಮೇಲೆ ಲಾಭ ಇಲ್ಲ ಅಂತ 2017ರ ವುಮನ್ ಟ್ರಯಲ್ ತೋರಿಸಿದ ಮೇಲೆ ಡಬ್ಲ್ಯುಎಚ್‌ಒ ಸಲಹೆಯನ್ನೇ ಬದಲಾಯಿಸ್ತು. ನಮ್ಮ ವಾರ್ಡಿನ ಹಿರಿಯ ಸಿಸ್ಟರ್‌ಗಳಲ್ಲಿ ಕೆಲವರು ಅದನ್ನ ಇನ್ನೂ ‘ಕೊನೆಗೆ ನೋಡೋಣ’ ಅಂತ ಇಟ್ಕೊಂಡಿರ್ತಾರೆ. ಅವರ ಕೈಗುಣದ ಮುಂದೆ ನಾನು ಏನೂ ಅಲ್ಲ, ನೂರಾರು ಹೆರಿಗೆ ಮಾಡಿಸಿದವರು. ಆದ್ರೆ ಅವರು ಓದಿದಾಗ ಆ ಸಾಲು ಪುಸ್ತಕದಲ್ಲೇ ಇರಲಿಲ್ಲ, ಆಮೇಲೆ ಯಾರೂ ಅವರಿಗೆ ಕೂರಿಸಿ ಹೇಳಲಿಲ್ಲ. ಗರ್ಭಕೋಶ ಬಿಗಿ ಮಾಡೋ ಆಕ್ಸಿಟೋಸಿನ್ ಕೂಡ ಅಷ್ಟೇ, 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಬೇಸಿಗೆಯಲ್ಲಿ ಟ್ರೇನಲ್ಲೇ ಬಿಟ್ಟಿದ್ರೆ ಚುಚ್ಚಿದ್ದು ಔಷಧಿಯೋ ನೀರೋ ಅನ್ನೋ ಹಾಗಾಗುತ್ತೆ. ಫಿಟ್ಸ್ ತಡೆಯೋ ಮ್ಯಾಗ್‌ಸಲ್ಫ್ (ಮೆಗ್ನೀಸಿಯಂ ಸಲ್ಫೇಟ್) ಕೊಡುವಾಗ ಮೊಣಕಾಲು ತಟ್ಟಿ ನೋಡೋದನ್ನ, ಅದು ಹೆಚ್ಚಾದ್ರೆ ಇಳಿಸೋ ಕ್ಯಾಲ್ಸಿಯಂ ಗ್ಲೂಕೋನೇಟ್ ಪಕ್ಕದಲ್ಲೇ ಇಟ್ಕೊಳ್ಳೋದನ್ನ ಮಾತ್ರ ಎಲ್ಲರೂ ತಪ್ಪದೆ ಮಾಡ್ತಾರೆ, ಅದು ಮೈಗೂಡಿದೆ.

ಫಾರ್ಮಕಾಲಜಿ_ಮೇಷ್ಟ್ರು

ಲತಾ ಅವರು ಹೇಳಿದ್ದು ಬಹಳ ಮುಖ್ಯ. ಹಿರಿಯರಿಗೆ ಕಿರಿಯರು ಹೇಳಲಾಗದ ಕಡೆ ಓದು ನಿಂತುಹೋಗುತ್ತದೆ.

ಇದೇ ಸಂದರ್ಭದಲ್ಲಿ ಅಡ್ಡ ಪರಿಣಾಮ ವರದಿ ಮಾಡುವ ಬಗ್ಗೆ. 2010ರಿಂದ ದೇಶದಲ್ಲಿ ಫಾರ್ಮಕೋವಿಜಿಲೆನ್ಸ್ ಕಾರ್ಯಕ್ರಮ ಇದೆ, ನರ್ಸ್ ಕೂಡ ನೇರವಾಗಿ ವರದಿ ಕಳಿಸಬಹುದು. ಡಾಕ್ಟರ ಸಹಿ ಬೇಕಿಲ್ಲ. ಸಹಾಯವಾಣಿ 1800 180 3024. ರೋಗಿಗಳೇ ತುಂಬುವ ಫಾರಂ ಕನ್ನಡದಲ್ಲೂ ಇದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಬಾಣಂತಿಯರು ತೀರಿಕೊಂಡಾಗ ರಿಂಗರ್ ಲ್ಯಾಕ್ಟೇಟ್ ಡ್ರಿಪ್‌ನ ಗುಣಮಟ್ಟದ ಮೇಲೇ ಅನುಮಾನ ಬಂದದ್ದು ನಮಗೆಲ್ಲ ನೆನಪಿದೆ. ಅಂಥ ಹೊತ್ತಲ್ಲಿ ಯಾವ ಬಾಟಲಿ, ಯಾವ ಬ್ಯಾಚ್ ಎಂದು ಚಾರ್ಟ್‌ನಲ್ಲಿ ಬರೆದಿಟ್ಟವರು ಯಾರು? ಡ್ರಿಪ್ ಹಾಕಿದ ಮೇಲೆ ಚಳಿ ಬಂತು ಎಂಬುದನ್ನು ಮೊದಲು ನೋಡುವವರು ನರ್ಸ್. ಅದನ್ನು ‘ಸಾಮಾನ್ಯ’ ಎಂದು ಬಿಡದೆ ಬರೆಯುವುದು ಫಾರ್ಮಕಾಲಜಿಯ ಅರ್ಧ ಭಾಗ.

ರಾಜಾಜಿನಗರ_ಫಿಜಿಷಿಯನ್

ಇನ್ಸುಲಿನ್ ಸಿರಿಂಜ್ ಕಥೆ ಓದಿ ಸುಮ್ಮನೆ ಕೂತೆ. ನನ್ನ ಓಪಿಡಿಯಲ್ಲಿ ‘ಡೋಸ್ ಏರಿಸಿ’ ಎಂದು ಬರೆದು ಕಳಿಸಿದ ಎಷ್ಟು ಜನರ ಸಿರಿಂಜ್ ನೋಡಿದ್ದೇನೆ ಎಂದು ಕೇಳಿಕೊಂಡೆ. ಪೆನ್ನಿನ ವಿಷಯದಲ್ಲಿ ನನ್ನ ಅಭಿಪ್ರಾಯ ಬದಲಾಗಿಲ್ಲ. ಆದರೆ ಓದಿನ ವಿಷಯದಲ್ಲಿ ಶಾರದಾ ಸಿಸ್ಟರ್ ಸರಿ. ನಮ್ಮ ಆಸ್ಪತ್ರೆಯಲ್ಲಿ ಡಾಕ್ಟರುಗಳ ಗುರುವಾರದ ಕ್ಲಾಸಿಗೆ ನರ್ಸ್‌ಗಳನ್ನು ಕರೆಯುವ ಪದ್ಧತಿ ಇಲ್ಲ. ನಾಳೆ ಕೇಳುತ್ತೇನೆ.

ಔಷಧಿಗಳ ಒಂದು ಕೂಟವನ್ನು ನಾನೂ ಸೇರಿಸುತ್ತೇನೆ. ಬಿಪಿಗೆ ಟೆಲ್ಮಿಸಾರ್ಟಾನ್, ಅದೇ ಮಾತ್ರೆಯಲ್ಲಿ ನೀರು ಇಳಿಸುವ ಔಷಧಿ, ಜೊತೆಗೆ ಮಂಡಿನೋವಿಗೆ ಅಂಗಡಿಯ ನೋವಿನ ಮಾತ್ರೆ. ಮೂರೂ ಸೇರಿದರೆ ಕಿಡ್ನಿಗೆ ರಕ್ತ ಒಳಬರುವ ದಾರಿ ಕಿರಿದಾಗುತ್ತದೆ, ಹೊರಹೋಗುವ ದಾರಿ ಅಗಲವಾಗುತ್ತದೆ, ಮೈಯಲ್ಲಿ ನೀರೂ ಕಡಿಮೆ. ವಾಂತಿಭೇದಿ ಒಂದು ಬಂದರೆ ಸಾಕು, ಕಿಡ್ನಿ ಕೈಕೊಡುತ್ತದೆ. ರೋಗಿ ನೋವಿನ ಮಾತ್ರೆಯನ್ನು ‘ಔಷಧಿ’ ಎಂದೇ ಲೆಕ್ಕ ಮಾಡುವುದಿಲ್ಲ, ಅದಕ್ಕೇ ನಮಗೆ ಹೇಳುವುದೂ ಇಲ್ಲ.

ನರ್ಸಿಂಗ್_ಮೂರನೇವರ್ಷ

ಅಕ್ಕ, ನಾನು ಇನ್ನೂ ಸ್ಟೂಡೆಂಟು. ಫಾರ್ಮಕಾಲಜಿ ಅಂದ್ರೆ ಭಯ, ಪರೀಕ್ಷೆಗೆ ಉರು ಹೊಡೆದು ಪಾಸಾದೆ. ನೀವೆಲ್ಲ ಹೇಳ್ತಿರೋದನ್ನ ಎಲ್ಲಿಂದ ಶುರು ಮಾಡಲಿ?

ಶಾರದಾ_ಐಸಿಯು

ಪುಟ್ಟಾ, ನಾನು ಈಗ ಏನು ಮಾಡ್ತಿದ್ದೀನಿ ಅಂತ ಹೇಳ್ತೀನಿ, ನಿನಗೆ ಹಿಡಿಸಿದ್ರೆ ನೋಡು. ಒಂದು ಇನ್ನೂರು ಪೇಜಿನ ನೋಟ್‌ಬುಕ್ ತಗೊಂಡಿದ್ದೀನಿ. ವಾರಕ್ಕೊಂದು ಔಷಧಿ. ಪುಸ್ತಕದಿಂದ ಆರಿಸಲ್ಲ, ಆ ವಾರ ನನ್ನ ಕೈಯಿಂದ ಹೋಗಿದ್ದರಲ್ಲೇ ಒಂದು. ಎಡಗಡೆ ಪುಟದಲ್ಲಿ ಪುಸ್ತಕ ನೋಡದೆ ನನಗೆ ಗೊತ್ತಿರೋದನ್ನ ಬರೀತೀನಿ. ಬಲಗಡೆ ಪುಟದಲ್ಲಿ ಈಗಿನ ಲೇಬಲ್ ಓದಿ ಬರೀತೀನಿ. ಎರಡು ಪುಟದ ಮಧ್ಯೆ ಇರೋ ವ್ಯತ್ಯಾಸವೇ ಆ ವಾರದ ಪಾಠ. ಕಿಡ್ನಿ ಕೆಟ್ಟವರಿಗೆ ಏನು, ಬಸುರಿಗೆ ಏನು, ಯಾವಾಗ ನಿಲ್ಲಿಸಬೇಕು, ಇಷ್ಟನ್ನ ಮಾತ್ರ ಬಿಡದೆ ನೋಡ್ತೀನಿ. ಅದರಲ್ಲೂ ‘ಯಾವಾಗ ನಿಲ್ಲಿಸಬೇಕು’ ಅನ್ನೋದನ್ನ ಹದಿನಾಲ್ಕು ವರ್ಷದಲ್ಲಿ ನನಗೆ ಯಾರೂ ಪರೀಕ್ಷೆಯಲ್ಲಿ ಕೇಳಿಲ್ಲ, ಆ ಅಮ್ಮನ ಜೀವ ನಿಂತಿದ್ದು ಅದರ ಮೇಲೇನೇ.

ಮೊದಲ ವಾರ ಪ್ಯಾಂಟಪ್ರಜೋಲ್ ತಗೊಂಡೆ, ಎಲ್ಲರೂ ಗ್ಯಾಸ್ ಮಾತ್ರೆ ಅಂತಾರಲ್ಲ ಅದು. ಎಡಗಡೆ ಮೂರು ಸಾಲು ಬಂತು. ಬಲಗಡೆ ಒಂದೂವರೆ ಪುಟ. ಮ್ಯಾಗ್ನೀಸಿಯಂ ಇಳಿಯೋದು, ಬಿ12 ಕಮ್ಮಿ ಆಗೋದು, ಕ್ಲಾಸ್ಟ್ರಿಡಿಯಂ ಡಿಫಿಸಿಲ್ ಅನ್ನೋ ರೋಗಾಣುವಿನ ಭೇದಿ. ದಿನಕ್ಕೆ ಹತ್ತು ಜನಕ್ಕೆ ಯೋಚನೆ ಮಾಡದೆ ಕೊಡೋ ಔಷಧಿ.

ನಮ್ಮ ಐಸಿಯುನಲ್ಲಿ ಈಗ ನಾಲ್ಕು ಜನ ಸೇರಿದ್ದಾರೆ. ಬುಧವಾರ ಹ್ಯಾಂಡೋವರ್ ಆದ ಮೇಲೆ ಹದಿನೈದು ನಿಮಿಷ, ಅಷ್ಟೇ. ಸರ್ಟಿಫಿಕೇಟ್ ಇಲ್ಲ. ಇಂಥ ಓದನ್ನೂ 150ರಲ್ಲಿ ಸೇರಿಸಿಕೊಳ್ಳಿ, ಅದರಲ್ಲಿ ಇಷ್ಟು ಗಂಟೆ ಔಷಧಿಗೇ ಅಂತ ಎತ್ತಿಡಿ ಅಂತ ನರ್ಸಿಂಗ್ ಕೌನ್ಸಿಲ್‌ಗೆ ಒಂದು ಮನವಿ ಬರೀಬೇಕು ಅಂತ ಇದ್ದೀನಿ. ಮೇಷ್ಟ್ರೇ, ಕರಡು ನೋಡಿಕೊಡ್ತೀರಾ?

ಫಾರ್ಮಕಾಲಜಿ_ಮೇಷ್ಟ್ರು

ಖಂಡಿತ. ಈ ಭಾನುವಾರವೇ ಕಳಿಸಿ. ಕಂಪನಿ ಪ್ರಾಯೋಜಿಸಿದ ಕ್ಲಾಸನ್ನು ಆ ಲೆಕ್ಕದಿಂದ ಹೊರಗಿಡಬೇಕು ಎಂಬ ಸಾಲೂ ಇರಲಿ.

ಸಿಎಚ್‌ಒ_ದೊಡ್ಡಬಳ್ಳಾಪುರ

ಹತ್ತು ದಿನ ಬಿಟ್ಟು ಬರೀತಿದ್ದೀನಿ. ಡಾಕ್ಟರ್ ಸರ್ ಹೇಳಿದ ಮೂರು ಮಾತ್ರೆ ವಿಷಯ ತಲೆಯಲ್ಲೇ ಇತ್ತು. ಈ ಸಲ ಬಿಪಿ ಮಾತ್ರೆಗೆ ಬಂದವರಿಗೆಲ್ಲ ‘ಮನೆಯಲ್ಲಿರೋ ಎಲ್ಲ ಮಾತ್ರೆನೂ ಕವರ್‌ನಲ್ಲಿ ಹಾಕ್ಕೊಂಡು ಬನ್ನಿ’ ಅಂದೆ. ಒಬ್ಬರು ಯಜಮಾನರು, 66 ವರ್ಷ, ಹೊಲದ ಕೆಲಸ ಮಾಡೋರು, ಡೈಕ್ಲೋಫೆನಾಕ್ ಶೀಟ್ ತಂದಿದ್ರು. ದಿನಕ್ಕೆರಡು, ಮೂರು ತಿಂಗಳಿಂದ. ‘ಇದು ಔಷಧಿ ಅಲ್ಲಮ್ಮ, ನೋವಿಂದು’ ಅಂದ್ರು. ಪಿಎಚ್‌ಸಿಗೆ ಕಳಿಸಿ ರಕ್ತ ಕೊಡಿಸಿದೆ, ಕ್ರಿಯಾಟಿನಿನ್ 1.8. ನೋವಿನ ಮಾತ್ರೆ ಡಾಕ್ಟರ್ ನಿಲ್ಲಿಸಿದ್ರು. ಅವರು ಮೆಟ್‌ಫಾರ್ಮಿನ್ ಕೂಡ ದಿನಕ್ಕೆ 2 ಗ್ರಾಂ ತಗೋತಿದ್ದಾರೆ. ಮೇಷ್ಟ್ರೇ, ಅದನ್ನ ನಾನು ಈ ತಿಂಗಳು ಕೊಡಲೋ ಬೇಡವೋ?

ಫಾರ್ಮಕಾಲಜಿ_ಮೇಷ್ಟ್ರು

ಆ ವಯಸ್ಸಿನ ಗಂಡಸಿಗೆ 1.8 ಅಂದರೆ ಇಜಿಎಫ್‌ಆರ್ 41ರ ಆಸುಪಾಸು. ಆ ಮಟ್ಟದಲ್ಲಿ 2 ಗ್ರಾಂ ಹೆಚ್ಚು, ಸಾಮಾನ್ಯವಾಗಿ ಅರ್ಧಕ್ಕೆ ಇಳಿಸುತ್ತಾರೆ. ಆದರೆ ಒಂದು ಎಚ್ಚರ: ಕ್ರಿಯಾಟಿನಿನ್ ಏರುತ್ತಲೋ ಇಳಿಯುತ್ತಲೋ ಇರುವಾಗ ಈ ಲೆಕ್ಕವನ್ನು ನಂಬುವ ಹಾಗಿಲ್ಲ, ನಿಂತ ಸಂಖ್ಯೆಗೆ ಮಾತ್ರ ಅದು ಹೊಂದುತ್ತದೆ. ತಿಂಗಳ ಮಾತ್ರೆ ಒಟ್ಟಿಗೆ ಕೊಡಬೇಡಿ. ಇವತ್ತೇ ಪಿಎಚ್‌ಸಿ ಡಾಕ್ಟರಿಗೆ ಫೋನ್ ಮಾಡಿ ಈ ಸಂಖ್ಯೆ, ಈ ಡೋಸ್ ಎರಡೂ ಹೇಳಿ, ಅವರು ಹೇಳಿದಷ್ಟು ಒಂದು ವಾರಕ್ಕೆ ಮಾತ್ರ ಕೊಡಿ. ವಾರದ ನಂತರ ಮತ್ತೆ ರಕ್ತ ಪರೀಕ್ಷೆ ಮಾಡಿಸಿ ಇಲ್ಲಿ ಬರೆಯಿರಿ.

ಸಿಎಚ್‌ಒ_ದೊಡ್ಡಬಳ್ಳಾಪುರ

ಫೋನ್ ಮಾಡಿದೆ ಮೇಷ್ಟ್ರೇ. 500 ಮಿಲಿಗ್ರಾಂ ದಿನಕ್ಕೆರಡು, ಏಳು ದಿನಕ್ಕೆ ಅಂದ್ರು. ಹದಿನಾಲ್ಕು ಮಾತ್ರೆ ಎಣಿಸಿ ಕೊಟ್ಟು, ಮುಂದಿನ ಮಂಗಳವಾರ ಬರಬೇಕು ಅಂತ ಅವರ ಸೊಸೆಗೂ ಹೇಳಿ ಕಳಿಸಿದೆ.